ಸಿಲೋನ್ ಪ್ರವಾಸದಿಂದ ಕೈಬಿಟ್ಟ ಮುಖ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪ್ರವಾಸ ಸಂಸ್ಥೆಯ ಬೋರ್ಡು ಹಾಕಿಕೊಂಡಿರುವ, ನಾನು ಕೆಲಸಕ್ಕಿದ್ದ ಸಂಸ್ಥೆಯ ಯಜಮಾನರು ಸಿಲೋನ್ ಪ್ರವಾಸದಲ್ಲಿ ಭದ್ರಾವತಿಯ ಒಬ್ಬ ವೃದ್ಧೆಗೆ ಸೇರಿದ್ದ ಸೀಟನ್ನು, ಆಕೆಗಾಗಲಿ ಆಕೆಯ ಮಗನಿಗಾಗಲಿ ಒಂದು ಮಾತು ತಿಳಿಸದೆ, ಇನ್ನೊಬ್ಬರಿಗೆ ಕೊಟ್ಟು ಹಡಗು ಹತ್ತಿಸಿದರು. ಆಕೆಯ ಕಾಗದಪತ್ರಗಳು ಕೆಡಲು ಕಾರಣರಾದವರೂ ಅವರೇ. ಕೆಟ್ಟದ್ದನ್ನು ಸರಿಪಡಿಸುವ ಹೊತ್ತಿನಲ್ಲಿ ಸುಳ್ಳು ಬರೆಯಲು ಹೇಳಿದವರೂ ಅವರೇ. ಅವರು ಮಾಡಿದ್ದಕ್ಕೆ ಸರ್ಕಾರದ ಮುದ್ರೆ ಒತ್ತಿಕೊಟ್ಟವರು, ಎದುರಿಗೆ ಮನುಷ್ಯರಿಲ್ಲದೆಯೇ ಭಾವಚಿತ್ರಗಳ ಬೆನ್ನಿಗೆ ಸಹಿ ಹಾಕಿದ ಒಬ್ಬ ಅಧಿಕಾರಿ. ಇಬ್ಬರಲ್ಲಿ ಯಾರೂ ಈವರೆಗೆ ಉತ್ತರ ಕೊಟ್ಟಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಈ ಪತ್ರಿಕೆಗೆ ಬರೆಯುತ್ತಿದ್ದೇನೆ.

ಆ ಸಂಸ್ಥೆಯಲ್ಲಿ ನಾನು ಬರವಣಿಗೆಯ ಕೆಲಸಕ್ಕಿದ್ದೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದವಳಿಗೆ ಇಂಗ್ಲಿಷ್ ಫಾರಂ ತುಂಬಲು ಬರುತ್ತದೆ ಎಂಬುದೇ ನನ್ನನ್ನು ಸೇರಿಸಿಕೊಂಡ ಕಾರಣ. ಯಜಮಾನರು ಅದುವರೆಗೆ ನಡೆಸಿದ್ದೆಲ್ಲ ಯಾತ್ರಾ ಬಸ್ಸುಗಳು: ಕಾಶಿ, ಪಂಢರಪುರ, ರಾಮೇಶ್ವರ. ಯಾತ್ರಾ ಬಸ್ಸಿಗೆ ಅದರದ್ದೇ ಒಂದು ಪದ್ಧತಿಯಿದೆ. ಹೊರಡುವ ಹಿಂದಿನ ದಿನ ಒಬ್ಬರಿಗೆ ಜ್ವರ ಬಂದರೆ ಅವರ ತಮ್ಮನೋ ಷಡ್ಡಕನೋ ಬಂದು ಕೂರುತ್ತಾನೆ. ಸೀಟು ತುಂಬಿದ್ದರೆ ಸಾಕು, ಅದರಲ್ಲಿ ಕೂತವರ ಹೆಸರು ಯಾರಿಗೂ ಬೇಕಿಲ್ಲ. ಈ ಪದ್ಧತಿಯಲ್ಲೇ ಕೈ ಪಳಗಿದವರು ಒಂದು ಬೆಳಿಗ್ಗೆ 'ರಾಮೇಶ್ವರ–ಲಂಕಾ ಪ್ರವಾಸ' ಎಂದು ಕರಪತ್ರ ಅಚ್ಚು ಹಾಕಿಸಿಕೊಂಡು ಬಂದರು. ಹೊರಡುವ ತಾರೀಖೂ ಅದರಲ್ಲಿ ಅಚ್ಚಾಗಿತ್ತು.

"ರಾಮೇಶ್ವರದ ತನಕ ಹೆಂಗೂ ಹೋಗೇ ಹೋಗ್ತೀವಿ. ಅಲ್ಲಿಂದ ಹಡಗು ಹತ್ತಿಸಿದ್ರೆ ಆಯ್ತಲ್ಲ ಮಾರಾಯ್ತಿ, ಎಷ್ಟು ದೂರ?" ಎಂದರು.

"ಅದು ಪರದೇಶ, ಸಾರ್. ಒಬ್ಬೊಬ್ಬರಿಗೂ ಪಾಸ್‌ಪೋರ್ಟ್ ಬೇಕು, ಸಿಲೋನಿನವರ ವೀಸಾ ಬೇಕು."

"ಶ್ರೀರಾಮನಿಗೆ ಯಾರು ಕೊಟ್ಟಿದ್ರು ವೀಸಾ?" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ನಗು ಮುಗಿದ ಮೇಲೆ ಕೆಲಸವೆಲ್ಲ ನನ್ನ ಮೇಜಿಗೆ ಬಂತು. ಧನುಷ್ಕೋಡಿಯಲ್ಲಿ ಹಡಗು ಹತ್ತಿ ತಲೈಮನ್ನಾರಿನಲ್ಲಿ ಇಳಿಯುವುದು, ಅಲ್ಲಿಂದ ರೈಲಿನಲ್ಲಿ ಅನುರಾಧಪುರ, ಸಿಗಿರಿಯಾದ ಬಂಡೆಯ ಮೇಲಿನ ಚಿತ್ರಗಳು, ಕ್ಯಾಂಡಿಯ ದಂತ ದೇವಾಲಯ, ಪೆರಾದೆನಿಯಾದ ಸಸ್ಯೋದ್ಯಾನ, ಕೊನೆಗೆ ಆದಮ್ ಶಿಖರ, ಕೊಲಂಬೊ ಎಂದು ದಿನಚರಿ ಹಾಕಿದೆ. ಶಿಖರವನ್ನು ಚಳಿಗಾಲದಿಂದ ವೈಶಾಖದ ಹುಣ್ಣಿಮೆಯವರೆಗೆ ಮಾತ್ರ ಹತ್ತುತ್ತಾರೆ; ಆಮೇಲೆ ಮಳೆ, ಗಾಳಿ. ಹಾಗಾಗಿ ಪ್ರವಾಸವನ್ನು ಮುಂದಕ್ಕೆ ಹಾಕಿ ನಿಧಾನವಾಗಿ ಮಾಡುವ ಅವಕಾಶ ಇರಲಿಲ್ಲ. ಪಾಸ್‌ಪೋರ್ಟಿನ ಅರ್ಜಿಗಳು ಮದ್ರಾಸಿಗೆ ಹೋಗಬೇಕು, ಅಲ್ಲಿಂದ ವಿಚಾರಣೆಗೆಂದು ನಮ್ಮ ಜಿಲ್ಲೆಯ ಪೊಲೀಸರಿಗೆ ಬರಬೇಕು, ವರದಿ ಮತ್ತೆ ಮದ್ರಾಸಿಗೆ ಹೋಗಬೇಕು, ಆಮೇಲೆ ವೀಸಾ. ಕರಪತ್ರದ ತಾರೀಖು ಇದಕ್ಕೆಲ್ಲ ಕಾಯುವಂತಿರಲಿಲ್ಲ.

ಹೆಸರು ಬರೆಸಿದವರಲ್ಲಿ ಹೆಚ್ಚಿನವರು ಭದ್ರಾವತಿಯವರು: ಕಾರ್ಖಾನೆಯ ಕೆಲಸಗಾರರು, ಅವರ ಮನೆಯವರು, ಕೆಲವು ವ್ಯಾಪಾರಿಗಳು. ಫಾರಂ ತುಂಬಲು ನಾನು ಅಲ್ಲಿಗೇ ಹೋಗುತ್ತಿದ್ದೆ. ಲಾರಿ ರಿಪೇರಿಯ ಒಬ್ಬ ಮೆಕ್ಯಾನಿಕ್ ತನಗೂ ತನ್ನ ತಾಯಿಗೂ ಎರಡು ಸೀಟು ಹಿಡಿದಿದ್ದ. ತಾಯಿ ಅರವತ್ತು ದಾಟಿದವರು, ತಲೆಯ ಮೇಲೆ ಬಿಳಿಯ ಸೆರಗು, ಮುಖದ ತುಂಬ ಸಿಡುಬಿನ ಕುಳಿಗಳು. ನಾನು ವರ್ಕ್‌ಷಾಪಿನ ಹಿಂದಿನ ಅವರ ಮನೆಯ ಜಗಲಿಯಲ್ಲಿ ಕೂತು ಪೆನ್ನು ತೆಗೆಯುವಷ್ಟರಲ್ಲಿ ಅವರೇ ಕೇಳಿದರು.

"ಆ ಬೆಟ್ಟಕ್ಕೆ ಖಂಡಿತ ಕರ್ಕೊಂಡು ಹೋಗ್ತೀರಾ ಬೇಟೀ? ಬೇರೆ ಊರು ತೋರ್ಸಿ, ಅದೊಂದು ಬಿಟ್ಟು ಬಂದ್ರೆ ನಾನು ಸುಮ್ನಿರಲ್ಲ. ಬಾವಾ ಆದಮ್ ಸ್ವರ್ಗದಿಂದ ಇಳಿದಾಗ ಮೊದಲು ಕಾಲಿಟ್ಟಿದ್ದು ಅಲ್ಲೇ."

"ಅಲ್ಲಿರೋ ಹೆಜ್ಜೆ ಗುರುತನ್ನ ಬೌದ್ಧರು ಬುದ್ಧನ ಪಾದ ಅಂತಾರೆ. ನಮ್ಮ ಕಡೆಯವರು ಶಿವನ ಪಾದ ಅಂತಾರೆ, ಅಮ್ಮ."

"ಯಾರದಾದ್ರೂ ಆಗ್ಲಿ. ಹತ್ತೋದು ನಮ್ಮ ನಮ್ಮ ಕಾಲಲ್ಲೇ ತಾನೆ?"

ಮಗ ನನ್ನನ್ನು ಬಾಗಿಲಿನಾಚೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ: "ಕಾಲಿನ ಚಿಂತೆ ಇಲ್ಲ ಮೇಡಂ, ನನಗಿಂತ ಗಟ್ಟಿ. ಕಣ್ಣಿಂದೇ ಚಿಂತೆ. ಒಂದು ಆಗ್ಲೇ ಹೋಗಿದೆ. ಇನ್ನೊಂದ್ರ ನರಾನೂ ಒಣಗ್ತಾ ಬಂದಿದೆ, ಆಪರೇಷನ್ ಮಾಡಿ ಉಪಯೋಗ ಇಲ್ಲ ಅಂದ್ರು ಡಾಕ್ಟ್ರು. ತೋರಿಸೋದಿದ್ರೆ ಈ ವರ್ಷವೇ ತೋರಿಸ್ಬೇಕು."

ಒಳಗೆ ಬಂದು ಫಾರಂ ಮುಂದುವರಿಸಿದೆ. 'ಕಣ್ಣಿಗೆ ಕಾಣುವ ಗುರುತು' ಎಂಬ ಕಲಮಿಗೆ ಬಂದಾಗ ಪೆನ್ನು ತಡೆಯಿತು. ಆಕೆ ಅದನ್ನು ಗಮನಿಸಿ ಜೋರಾಗಿ ನಕ್ಕರು. "ಬರಿ ಬೇಟೀ, ನಾಚ್ಕೋಬೇಡ. ಇದನ್ನ ಬಿಟ್ಟು ಬೇರೇನು ಹುಡುಕ್ತೀಯಾ?" 'ಮುಖದ ತುಂಬ ಸಿಡುಬಿನ ಕಲೆಗಳು' ಎಂದು ಬರೆದೆ.

ಭಾವಚಿತ್ರಗಳ ವ್ಯವಸ್ಥೆಯನ್ನು ಯಜಮಾನರು ತಾವೇ ವಹಿಸಿಕೊಂಡರು. ಭದ್ರಾವತಿಯ ಒಂದು ಸ್ಟುಡಿಯೋದಲ್ಲಿ ಎಲ್ಲರ ಫೋಟೋ ತೆಗೆಸುವುದು, ಅಲ್ಲಿಂದ ಅವು ನೇರವಾಗಿ ದೃಢೀಕರಿಸುವ ಅಧಿಕಾರಿಯ ಮೇಜಿಗೆ ಹೋಗುವುದು, ಸಹಿಯಾದ ಮೇಲೆ ಅಲ್ಲಿಂದಲೇ ಅರ್ಜಿಗಳ ಜೊತೆ ಮದ್ರಾಸಿಗೆ. "ನೀನು ಒಂದೊಂದು ನೋಡ್ತಾ ಕೂತ್ರೆ ಹಡಗು ಹೋಗಿರುತ್ತೆ" ಎಂದರು. ಹೀಗೆ ಫೋಟೋಗಳು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಅರ್ಜಿಗಳು ಹೋದ ಮೇಲೆ ಆರೋಗ್ಯದ ಸರ್ಟಿಫಿಕೇಟುಗಳ ಓಡಾಟ ಶುರುವಾಯಿತು. ಸಿಡುಬಿನ ಲಸಿಕೆ, ನಮ್ಮ ಕಡೆಯ ಮಾತಿನಲ್ಲಿ ದೇವಿ, ಹಾಕಿಸಿಕೊಳ್ಳದವರನ್ನು ಹಡಗು ಹತ್ತಿಸುವುದಿಲ್ಲ. ದೇವಿ ಹಾಕುವವರು ಈ ತಾಯಿಯ ಮುಖ ನೋಡಿ ಸೂಜಿ ಕೆಳಗಿಟ್ಟರು. "ಇವರಿಗ್ಯಾಕೆ? ಇವರಿಗೆ ಬಂದು ಹೋಗಿರೋದು ಊರಿಗೇ ಕಾಣುತ್ತೆ. ಇನ್ನು ಸಾಯೋ ತನಕ ಬರಲ್ಲ."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಹಡಗಿನವರಿಗೆ ಸರ್ಟಿಫಿಕೇಟು ಬೇಕು. ಹಾಕಿ" ಎಂದೆ.

"ಹಾಕಪ್ಪ, ಹಾಕು" ಎಂದು ತಾಯಿ ತೋಳು ಚಾಚಿದರು. "ಇಷ್ಟು ಗುಂಡಿ ಇರೋ ರಸ್ತೇಲಿ ಇನ್ನೊಂದು ಬಿದ್ರೆ ಏನು ಕಡಿಮೆ ಆಗುತ್ತೆ?"

ಪಾಸ್‌ಪೋರ್ಟುಗಳು ರಿಜಿಸ್ಟರ್ಡ್ ಅಂಚೆಯಲ್ಲಿ ಕಟ್ಟುಕಟ್ಟಾಗಿ ಬರತೊಡಗಿದವು. ಹೆಸರು ನೋಡಿ ಗುರುತು ಹಾಕುತ್ತಾ ಹೋದೆ. ಮೆಕ್ಯಾನಿಕ್‌ನದು ಬಂತು. ಅವನ ತಾಯಿಯದು ಮುಂದಿನ ಕಟ್ಟಿನಲ್ಲಿಯೂ ಇರಲಿಲ್ಲ, ಅದರ ಮುಂದಿನದರಲ್ಲಿಯೂ ಇರಲಿಲ್ಲ. ಕೊನೆಗೆ ಬಂದದ್ದು ಒಂದು ಪತ್ರ. ಅರ್ಜಿದಾರರ ಮುಖದಲ್ಲಿ ಸಿಡುಬಿನ ಕಲೆಗಳಿವೆ ಎಂದು ಫಾರಂ ಹೇಳುತ್ತದೆ. ಲಗತ್ತಿಸಿದ ಭಾವಚಿತ್ರದಲ್ಲಿ ಅವುಗಳ ಸುಳಿವೇ ಇಲ್ಲ. ಚಿತ್ರ ಯಾರದು ಎಂಬುದಕ್ಕೆ ಸಮಜಾಯಿಷಿ ಬರುವವರೆಗೆ ಅರ್ಜಿಯನ್ನು ತಡೆಹಿಡಿಯಲಾಗಿದೆ.

ಪತ್ರದ ಜೊತೆಗೆ ಆ ಫೋಟೋ ಇತ್ತು. ಮೊದಲು ನಾನೇ ಗುರುತು ಹಿಡಿಯಲಿಲ್ಲ. ಅದೇ ಸೆರಗು, ಅದೇ ಮೂಗುತಿ. ಕೆನ್ನೆಗಳು ಮಾತ್ರ ಆಗತಾನೇ ಸುಣ್ಣ ಬಳಿದ ಗೋಡೆಯಂತೆ ನುಣ್ಣಗಿದ್ದವು. ಹಣೆಯ ಗೆರೆಗಳೂ ಮಾಯವಾಗಿದ್ದವು. ಬೆನ್ನಿಗೆ 'ಇದು ಅರ್ಜಿದಾರರ ನೈಜ ಭಾವಚಿತ್ರ' ಎಂಬ ಬರಹದ ಕೆಳಗೆ ಅಧಿಕಾರಿಯ ಸಹಿ, ಮುದ್ರೆ. ಉಳಿದವರ ಫೋಟೋಗಳೂ ಹೀಗೇ ಇದ್ದಿರಬೇಕು. ಅವರ ಗುರುತುಗಳು ಅಂಗೈಯಲ್ಲೋ ಮೊಣಕಾಲಿನಲ್ಲೋ ಇದ್ದುದರಿಂದ ಪಾರಾಗಿದ್ದರು.

ಪತ್ರವನ್ನು ಯಜಮಾನರ ಮುಂದಿಟ್ಟೆ. ಅವರು ಎರಡು ಸಲ ಓದಿಸಿಕೊಂಡು, ಅಡಿಕೆ ಹೋಳೊಂದನ್ನು ಬಾಯಿಗೆ ಹಾಕಿಕೊಂಡು ಹೇಳಿದರು: "ಇಷ್ಟೇನಾ? ಹೊಸ ಫಾರಂ ತಗೋ. ಕಲೆ ಗಿಲೆ ಬಿಟ್ಬಿಡು. 'ಬಲಗೈ ಮೇಲೆ ಮಚ್ಚೆ' ಅಂತ ಬರಿ. ಮೊದಲು ಬರೆದದ್ದು ಕೈತಪ್ಪು ಅಂತ ಒಂದು ಸಾಲು ಹಾಕು. ಫೋಟೋಕ್ಕೂ ಫಾರಮ್ಮಿಗೂ ಹೊಂದ್ಕೊಳ್ಳುತ್ತೆ."

"ಮುಖಕ್ಕೆ ಹೊಂದೋದು ಬೇಡವೇ ಸಾರ್?"

"ಮುಖ ಯಾರು ನೋಡ್ತಾರೆ?"

"ಹಡಗುಕಟ್ಟೆಯಲ್ಲಿ ನೋಡ್ತಾರೆ. ನೋಡೋದೇ ಅವರ ಕೆಲಸ. 'ಇದು ಈಕೆಯಲ್ಲ' ಅಂತ ಅಲ್ಲಿ ತಡೆದ್ರೆ ಗುಂಪು ಹಡಗಿನಲ್ಲಿರುತ್ತೆ, ಆಕೆ ದಡದಲ್ಲಿರ್ತಾರೆ. ಇನ್ನೊಬ್ಬರ ಪಾಸ್‌ಪೋರ್ಟ್ ಹಿಡಿದು ಬಂದವಳು ಅಂತ ಹೇಳಿಕೆ ಬರೆಸಿಕೊಳ್ತಾರೆ."

"ನೀನು ಕಾಲೇಜಲ್ಲಿ ಓದಿದ್ದು ಭಯ ಬೀಳೋದನ್ನೇ ಏನು?"

ಅವರು ಮುಂದೆ ಚಾಚಿದ ಹೊಸ ಫಾರಮ್ಮನ್ನು ನಾನು ತೆಗೆದುಕೊಳ್ಳಲಿಲ್ಲ. ಇದು ದೊಡ್ಡ ಧೈರ್ಯವೆಂದು ಹೇಳಿಕೊಳ್ಳಲಾರೆ. ಆದರೆ ಫಾರಂ ನಿಜ ಹೇಳಿತ್ತು, ಚಿತ್ರ ಸುಳ್ಳು ಹೇಳಿತ್ತು. ತಿದ್ದಬೇಕಾದದ್ದು ಯಾವುದು ಎಂಬುದರಲ್ಲಿ ನನಗೆ ಅನುಮಾನ ಉಳಿದಿರಲಿಲ್ಲ. "ಹೊಸ ಫೋಟೋ ತೆಗೆಸ್ತೀನಿ, ಸಮಜಾಯಿಷಿ ಬರೆದು ಕಳಿಸ್ತೀನಿ" ಎಂದು ಹೇಳಿ ಹೊರಬಿದ್ದೆ. ಅವರು ಬೇಡವೆನ್ನಲಿಲ್ಲ. ಇದನ್ನು ಓದುಗರು ನೆನಪಿಡಬೇಕು.

ಭದ್ರಾವತಿಯ ಬಸ್ಸು ಮಲವಗೊಪ್ಪದಲ್ಲಿ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡು ನಿಂತಿತು. ಕಿಟಕಿಯ ಪಕ್ಕ ಕೂತು ಮನಸ್ಸಿನಲ್ಲೇ ದಿನ ಎಣಿಸಿದೆ. ಹೇಗೆ ಎಣಿಸಿದರೂ ಸಾಲುತ್ತಿರಲಿಲ್ಲ.

ಸ್ಟುಡಿಯೋದವರು ಮೂಲತಃ ಸೇಲಂ ಕಡೆಯವರು. ಕಾರ್ಖಾನೆಯ ಕೆಲಸಕ್ಕೆಂದು ಬಂದು ಕ್ಯಾಮರಾ ಹಿಡಿದವರು. ನಾನು ಫೋಟೋ ತೋರಿಸಿದಾಗ ಅವರ ಮುಖ ಅರಳಿತು. "ಚೆನ್ನಾಗಿ ಬಂದಿದೆ ಅಲ್ವಾಮ್ಮಾ?"

ತಮ್ಮ ಕೆಲಸದ ಮೇಜನ್ನೂ ತೋರಿಸಿದರು. ಇಳಿಜಾರಾದ ಹಲಗೆ, ನಡುವೆ ಕಿಂಡಿ, ಕೆಳಗೆ ಬೆಳಕನ್ನು ಮೇಲಕ್ಕೆ ಎಸೆಯುವ ಕನ್ನಡಿ. ಕಿಂಡಿಯ ಮೇಲೆ ನೆಗೆಟಿವ್ ಇಟ್ಟರೆ ಮುಖದ ಕುಳಿಗಳು ಅದರಲ್ಲಿ ತಿಳಿಯಾದ ಚುಕ್ಕೆಗಳಾಗಿ ಕಾಣುತ್ತವೆ. ಸೂಜಿಯಂತೆ ಮೊನೆ ಮಾಡಿದ ಪೆನ್ಸಿಲಿನಿಂದ ಒಂದೊಂದು ಚುಕ್ಕೆಯನ್ನೂ ತುಂಬಿಬಿಟ್ಟರೆ ಅಚ್ಚಿನಲ್ಲಿ ಕುಳಿ ಮಾಯ.

"ಪಾಸ್‌ಪೋರ್ಟಿನ ಫೋಟೋಗೆ ಯಾಕೆ ಪೆನ್ಸಿಲ್ ಹಾಕಿದ್ರಿ?" ಎಂದೆ.

"ಅಯ್ಯೋ, ಹೆಣ್ಣು ತೋರಿಸೋ ಫೋಟೋ ತೆಗೆದು ತೆಗೆದು ಕೈ ತಾನಾಗೇ ಓಡುತ್ತಮ್ಮ. ಕಲೆ ಇದ್ದಂಗೇ ಕೊಟ್ರೆ ಗಂಡಿನ ಕಡೆಯವರು ಒಪ್ತಾರಾ?"

"ಈ ಅಮ್ಮನಿಗೆ ಗಂಡು ನೋಡ್ತಿದ್ರೇನು?"

ಅವರು ನಾಲಗೆ ಕಚ್ಚಿಕೊಂಡರು. ಆಮೇಲೆ ಗಂಭೀರವಾಗಿ ಹೇಳಿದರು: "ನಿಮ್ಮ ಯಜಮಾನ್ರೇ ಬಂದು ನಿಂತು ಹೇಳಿದ್ದು. 'ಪರದೇಶಕ್ಕೆ ಹೋಗೋ ಫೋಟೋ, ಒಬ್ಬರ ಮುಖದಲ್ಲೂ ಒಂದು ಕಲೆ ಕಾಣಬಾರ್ದು, ನಮ್ಮ ಊರಿನ ಮರ್ಯಾದೆ' ಅಂತ. ನಾನು ಕೆಲಸದವನು, ಹೇಳಿದ್ದು ಮಾಡ್ದೆ."

ಮುಟ್ಟದೆ, ತಿದ್ದದೆ ಹೊಸ ಫೋಟೋ ಕೊಡಲು ಒಪ್ಪಿದರು. ಕಷ್ಟ ಎದುರಾದದ್ದು ಮೆಕ್ಯಾನಿಕ್‌ನ ಮನೆಯಲ್ಲಿ. ಅದೇ ಫೋಟೋವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಕಟ್ಟಿಸಿ ಗೋಡೆಗೆ ಹಾಕಿದ್ದರು. ನಾನು ವಿಷಯ ಹೇಳುತ್ತಿದ್ದಂತೆ ತಾಯಿಯ ಮುಖ ಬಿಗಿಯಿತು.

"ಇನ್ನೊಂದು ತೆಗೆಸಲ್ಲ. ಹೋದ್ರೆ ಇದೇ ಫೋಟೋದಲ್ಲಿ ಹೋಗ್ತೀನಿ."

"ಅಮ್ಮೀ, ಹಟ ಮಾಡ್ಬೇಡ. ಗೌರ್ಮೆಂಟ್ ವಿಷಯ" ಎಂದ ಮಗ.

"ನೀನು ಸುಮ್ನಿರೋ. ನಿಂಗೇನು ಗೊತ್ತು?" ಎಂದು ನನ್ನತ್ತ ತಿರುಗಿದರು. "ಬೇಟೀ, ನಂಗೆ ಸಿಡುಬು ಬಂದಾಗ ಹನ್ನೆರಡು ವರ್ಷ. ಎದ್ದು ಕೂತ ಮೇಲೆ ಮನೇಲಿದ್ದ ಕನ್ನಡಿ ಎಲ್ಲಾ ಅಡಗಿಸಿಟ್ಟಿದ್ರು. ಅದಕ್ಕೂ ಮುಂಚೆ ನಾನು ಹೆಂಗಿದ್ದೆ ಅಂತ ನಂಗೇ ನೆನಪಿಲ್ಲ. ನೋಡಿದವರು ಒಬ್ಬರೂ ಈಗ ಬದುಕಿಲ್ಲ. ಆ ಮದ್ರಾಸಿ ಪೆನ್ಸಿಲ್ ಹಿಡ್ಕೊಂಡು ಅದನ್ನ ಹುಡುಕಿ ಕೊಟ್ಟ. ಅದು ನಾನಲ್ಲ ಅಂತ ನೀನು ಕಾಗದ ತಂದಿದ್ದೀಯಾ."

ನಾನು ಕಟ್ಟಿಕೊಂಡು ಹೋಗಿದ್ದ ವಾದಗಳೆಲ್ಲ ಕಚೇರಿಯ ವಾದಗಳು. ಅವನ್ನು ಬಿಟ್ಟು, ಹಡಗುಕಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನಷ್ಟೇ ಹೇಳಿದೆ. ಅಧಿಕಾರಿ ಫೋಟೋ ನೋಡುತ್ತಾನೆ, ಮುಖ ನೋಡುತ್ತಾನೆ, ಪಕ್ಕಕ್ಕೆ ನಿಲ್ಲಿಸುತ್ತಾನೆ.

"ಅಲ್ಲಿಂದ ಬೆಟ್ಟ ಕಾಣುತ್ತಾ?" ಎಂದು ಕೇಳಿದರು.

"ಇಲ್ಲ ಅಮ್ಮ. ಬರೀ ನೀರು ಕಾಣುತ್ತೆ."

ಅವರು ಗೋಡೆಯ ಚಿತ್ರವನ್ನು, ಕಣ್ಣು ಕಿರಿದು ಮಾಡಿಕೊಂಡು, ಬಹಳ ಹತ್ತಿರದಿಂದ ನೋಡಿದರು. "ಇದನ್ನ ಯಾರೂ ಕಿತ್ಕೊಂಡು ಹೋಗಲ್ಲ ತಾನೆ?"

"ಇಲ್ಲ. ಇದು ನಿಮ್ಮದೇ."

"ಹಂಗಾದ್ರೆ ನಡಿ. ಗುಂಡಿಗಳ ಫೋಟೋನೇ ತೆಗೆಸೋಣ. ಬೆಟ್ಟ ನೋಡೋಳು ನಾನು, ಬೆಟ್ಟ ನನ್ನ ನೋಡಲ್ವಲ್ಲ" ಎಂದು ಸೆರಗು ಸರಿಮಾಡಿಕೊಂಡು ಎದ್ದರು.

ಹೊಸ ಫೋಟೋದ ಜೊತೆಗೆ ಈ ಸಲ ಅವರನ್ನೇ ಅಧಿಕಾರಿಯ ಎದುರಿಗೆ ಕರೆದುಕೊಂಡು ಹೋದೆ. ಅಧಿಕಾರಿ ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ತಮ್ಮ ಸಹಿಯನ್ನು ದಿಟ್ಟಿಸಿದರು.

"ಇದಕ್ಕೆ ನಾನೇ ಸಹಿ ಮಾಡಿದ್ನಾ?"

"ಹೌದು ಸಾರ್. 'ನೈಜ ಭಾವಚಿತ್ರ' ಅಂತ."

"ಕಟ್ಟು ಕಟ್ಟಿ ತಂದಿದ್ರು. ನಿಮ್ಮ ಯಜಮಾನ್ರು ಗೊತ್ತಿರೋರು..." ಎಂದು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು.

"ಈಗ ಚೆನ್ನಾಗಿ ನೋಡ್ಕೊಳ್ಳಿ ಸಾಹೇಬ್ರೇ. ಟಿಕೆಟ್ ಇಲ್ಲ" ಎಂದರು ತಾಯಿ. ಗುಮಾಸ್ತರೊಬ್ಬರು ನಗು ತಡೆಯಲಾರದೆ ಎದ್ದುಹೋದರು.

ಹಿಂದಿನ ಸಹಿ ವ್ಯಕ್ತಿಯನ್ನು ನೋಡದೆ ಹಾಕಿದ್ದೆಂದು ಒಂದು ಸಾಲು ಬರೆದುಕೊಡಿ ಎಂದು ನಾನು ಕೇಳಿದೆ. ಕೊಡಲಿಲ್ಲ. ಹೊಸ ಸಹಿ ಮಾತ್ರ ಕೊಟ್ಟರು. ಆ ಒಂದು ಸಾಲು ಇದ್ದಿದ್ದರೆ ಮದ್ರಾಸಿನವರಿಗೆ ಅನುಮಾನ ಉಳಿಯುತ್ತಿರಲಿಲ್ಲ. ಇಲ್ಲದ್ದರಿಂದ ಪೊಲೀಸ್ ವಿಚಾರಣೆ ಮತ್ತೊಮ್ಮೆ ಮೊದಲಿನಿಂದ ನಡೆಯಿತು. ಪೇದೆ ಮನೆಗೆ ಬಂದು ಅಕ್ಕಪಕ್ಕದವರನ್ನು ಕೇಳಿ, ಈಕೆ ಈಕೆಯೇ ಎಂದು ಬರೆದುಕೊಂಡು ಹೋದ. ನಾನು ಮದ್ರಾಸಿಗೆ ತಂತಿ ಕೊಟ್ಟೆ, ಮತ್ತೆ ಕೊಟ್ಟೆ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಬರೆಯುತ್ತಿದ್ದ ಅಕ್ಷರ ಅಲ್ಲಿಗೇ ನಿಲ್ಲುತ್ತಿತ್ತು. ಇತ್ತ ಉಳಿದವರ ವೀಸಾಗಳು ಬಂದವು, ವಿದೇಶಿ ವಿನಿಮಯದ ಅನುಮತಿಯೂ ಬಂತು. ಮೆಕ್ಯಾನಿಕ್ ದಿನಬಿಟ್ಟು ದಿನ ಗ್ರೀಸ್ ಮೆತ್ತಿದ ಕೈಯಲ್ಲೇ ಶಿವಮೊಗ್ಗಕ್ಕೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ನನ್ನ ಮುಖ ನೋಡಿ ಹಾಗೆಯೇ ಹಿಂತಿರುಗುತ್ತಿದ್ದ.

ಗುಂಪು ಹೊರಡುವ ಮೊದಲು ಪಾಸ್‌ಪೋರ್ಟ್ ಬಂತು. ಇನ್ನೂ ದಾರಿಯಿತ್ತು. ತಾಯಿ, ಮಗ, ನಾನು ಮುಂಚಿತವಾಗಿ ಮದ್ರಾಸಿಗೆ ಹೋಗಿ ವೀಸಾ ಪಡೆದು, ಧನುಷ್ಕೋಡಿಯಲ್ಲಿ ಗುಂಪನ್ನು ಕೂಡಿಕೊಳ್ಳಬಹುದಿತ್ತು. ರೈಲಿನ ವೇಳೆ ನೋಡಿಕೊಂಡು ಯಜಮಾನರ ಬಳಿ ಓಡಿದೆ.

ಅವರು ಪಾಸ್‌ಪೋರ್ಟನ್ನು ಮುಟ್ಟಲಿಲ್ಲ. "ಆ ಸೀಟು ಭರ್ತಿ ಆಯ್ತಲ್ಲಮ್ಮ."

"ಭರ್ತಿ ಅಂದ್ರೆ?"

"ನಮ್ಮ ಅಡಿಕೆ ಮಂಡಿಯ ಸಾಹುಕಾರ್ರು ಕೇಳಿದ್ರು. ಅವರ ಹತ್ರ ಪಾಸ್‌ಪೋರ್ಟು ಮೊದಲೇ ಇತ್ತು, ವೀಸಾನೂ ಆಯ್ತು. ಖಾಲಿ ಸೀಟು ಇಟ್ಕೊಂಡು ನಾನೇನು ಪೂಜೆ ಮಾಡ್ಲಾ?"

"ಯಾವತ್ತು ಕೊಟ್ರಿ?"

ಅವರು ಹೇಳಿದರು. ನಾನು ಹೊಸ ಫಾರಂ ತೆಗೆದುಕೊಳ್ಳಲು ಒಪ್ಪದೆ ಭದ್ರಾವತಿಯ ಬಸ್ಸು ಹತ್ತಿದ ದಿನವೇ. ಅಂದರೆ ಆ ತಾಯಿ ಗೋಡೆಯ ಮೇಲಿನ ಮುಖವನ್ನು ಬಿಟ್ಟುಕೊಟ್ಟು ಮತ್ತೊಮ್ಮೆ ಕ್ಯಾಮರಾದ ಎದುರು ಕೂತಾಗ, ಅಧಿಕಾರಿಯ ಮೇಜಿನ ಮುಂದೆ ನಿಂತು ತಮಾಷೆ ಮಾಡಿದಾಗ, ಪೇದೆಗೆ ಚಹಾ ಮಾಡಿಕೊಟ್ಟಾಗ, ಅವರಿಗೆ ಸೀಟೇ ಇರಲಿಲ್ಲ. ಅದನ್ನು ತಿಳಿದಿದ್ದವರು ಒಬ್ಬರೇ. ನಾನು ದಿನವೂ ಯಜಮಾನರೆದುರಿಗೆ ಕೂತು ತಂತಿ ಬರೆಯುತ್ತಿದ್ದೆ. ಅವರು ಅಡಿಕೆ ಜಗಿಯುತ್ತಿದ್ದರು.

"ಆ ಅಮ್ಮನಿಗೆ ಒಂದು ಮಾತು ಹೇಳಬಹುದಿತ್ತು" ಎಂದೆ.

"ಪಾಸ್‌ಪೋರ್ಟು ಬರುತ್ತೆ ಅಂತ ಯಾರು ಕನಸು ಕಂಡಿದ್ರು ಮಾರಾಯ್ತಿ?"

ಹೆಂಗಸರ ಜೊತೆಗಾರ್ತಿಯಾಗಿ ಗುಂಪಿನೊಂದಿಗೆ ನಾನೂ ಹೋಗಬೇಕಿತ್ತು. ಹೋಗಲಿಲ್ಲ. ರಾಜೀನಾಮೆಯನ್ನು ಮೇಜಿನ ಮೇಲಿಟ್ಟು ಭದ್ರಾವತಿಗೆ ಹೋದೆ. ಮಗ ಸ್ಪ್ಯಾನರನ್ನು ಎಸೆದು ಕೂಗಾಡಿದ, ತಾನೂ ಹೋಗುವುದಿಲ್ಲವೆಂದ; ಹೋಗಲೂ ಇಲ್ಲ. ತಾಯಿ ಕೂಗಾಡಲಿಲ್ಲ. ಪಾಸ್‌ಪೋರ್ಟನ್ನು ಬಾಗಿಲ ಬೆಳಕಿಗೆ ಹಿಡಿದು, ಪುಟ ತಿರುವಿ, ತಮ್ಮ ಚಿತ್ರವನ್ನು ಬೆರಳಿನಿಂದ ತಡವಿ ನೋಡಿದರು.

"ಇದ್ರಲ್ಲಿ ತಪ್ಪೇನಿಲ್ಲ ತಾನೆ ಬೇಟೀ?"

"ಏನೂ ಇಲ್ಲ ಅಮ್ಮ."

"ಹಂಗಾದ್ರೆ ತಪ್ಪು ಎಲ್ಲಿದೆ ಅಂತ ಕೇಳಿ ಹೇಳು" ಎಂದರು.

ಅವರ ಪರವಾಗಿ ಕೇಳುತ್ತಿದ್ದೇನೆ. ಸಂಸ್ಥೆಯ ಯಜಮಾನರಲ್ಲಿ ನನ್ನ ವಿನಂತಿ ಇದು: ಪಾಸ್‌ಪೋರ್ಟಿನ ಭಾವಚಿತ್ರಗಳನ್ನು ತಿದ್ದಲು ಹೇಳಿದ್ದು ನಿಜವೇ, ಮುಂಗಡವಾಗಿ ಹೆಸರು ಬರೆಸಿದವರ ಜಾಗವನ್ನು ಅವರಿಗೆ ತಿಳಿಸದೆ ಕೊಡುವ ಅಧಿಕಾರ ತಮಗೆ ಎಲ್ಲಿಂದ ಬಂತು ಎಂಬುದನ್ನು ಬರವಣಿಗೆಯಲ್ಲಿ, ಇದೇ ಪತ್ರಿಕೆಯ ಮೂಲಕ ತಿಳಿಸಬೇಕು. ಮಾನ್ಯ ಅಧಿಕಾರಿಗಳಲ್ಲಿ ನನ್ನ ವಿನಂತಿ: ನೋಡದೆ ಹಾಕಿದ ಸಹಿಯನ್ನು ನೋಡದೆ ಹಾಕಿದ್ದೆಂದು ಒಪ್ಪಿ ಬರೆದುಕೊಡಬೇಕು, ಮತ್ತು ಇನ್ನು ಮುಂದೆ ಮನುಷ್ಯರನ್ನು ಎದುರಿಗೆ ನಿಲ್ಲಿಸಿಕೊಂಡೇ ದೃಢೀಕರಿಸಬೇಕು.

ವೈಶಾಖದ ಹುಣ್ಣಿಮೆಗೆ ಇನ್ನೂ ಕಾಲವಿದೆ. ಶಿಖರದ ದಾರಿ ಅಲ್ಲಿಯವರೆಗೆ ತೆರೆದಿರುತ್ತದೆ. ಆ ತಾಯಿಯ ಕಣ್ಣಿಗೆ ಮುಂದಿನ ವರ್ಷದ ಭರವಸೆಯನ್ನು ಯಾವ ವೈದ್ಯರೂ ಕೊಟ್ಟಿಲ್ಲ. ಆದ್ದರಿಂದ ಮುಂದಿನ ಗುಂಪಿನಲ್ಲಿ ಮೊದಲ ಹೆಸರು ಎಂಬ ಮಾತು ಉತ್ತರವಾಗಲಾರದು. ಈ ಋತು ಮುಗಿಯುವುದರೊಳಗೆ ಅವರನ್ನೂ ಅವರ ಮಗನನ್ನೂ ಸಿಲೋನಿಗೆ ಕಳುಹಿಸುವ ಏರ್ಪಾಡನ್ನು ಸಂಸ್ಥೆಯೇ ಮಾಡಬೇಕೆಂದು ಕೋರುತ್ತೇನೆ. ವೀಸಾದ ಅರ್ಜಿಯನ್ನು ನಾನು ತುಂಬಿಟ್ಟಿದ್ದೇನೆ. ಯಜಮಾನರು ಯಾವ ದಿನ ಹೇಳುತ್ತಾರೋ ಆ ದಿನ ಅದನ್ನು ಮದ್ರಾಸಿಗೆ ಒಯ್ಯುತ್ತೇನೆ. ಆ ದಿನ ಯಾವುದೆಂದು ತಿಳಿಸಿ.